ನಲವತ್ತೊಂದನೆಯ ಅರ್ಥ

ನಲವತ್ತೊಂದನೆಯ ಚೀಟಿಯ ಕೆಳಗಿದ್ದ ತಾರೀಖನ್ನು ಅವಳು ಮೂರು ಸಲ ಓದಿದಳು. ಹೋದ ವರ್ಷದ ಮಾರ್ಚ್ ಹದಿನಾಲ್ಕು. ಅಕ್ಷರ ಗಂಡನದೇ.

ಆ ನಿಘಂಟಿನ ಕಚೇರಿಯಲ್ಲಿ ಪದದ ಒಂದೊಂದು ಅರ್ಥಕ್ಕೂ ಒಂದೊಂದು ಚೀಟಿ. ಮೇಲೆ ಅರ್ಥ, ನಡುವೆ ಉದಾಹರಣೆಗೊಂದು ವಾಕ್ಯ, ಕೆಳಗೆ ಬರೆದವರ ಸಹಿ ಮತ್ತು ತಾರೀಖು. ವಾಕ್ಯವನ್ನು ಬರೆಯುವವರೇ ಹೊಸೆಯಬೇಕು. ಹೆಸರು ಹಾಕುವ ಹಾಗಿಲ್ಲ. ‘ಅವನು’, ‘ಅವಳು’ ಅಂತಲೇ ಇರಬೇಕು. ‘ಟೇಕ್’ ಅನ್ನುವ ಒಂದೇ ಒಂದು ಇಂಗ್ಲಿಷ್ ಪದಕ್ಕೆ ಅವಳ ಗಂಡ ತೊಂಬತ್ತೆರಡು ಚೀಟಿ ಬರೆದಿಟ್ಟು, ಡಿಸೆಂಬರಿನಲ್ಲಿ ತೀರಿಕೊಂಡಿದ್ದ. ಈಗ ಅವನ ಕುರ್ಚಿಯನ್ನು ಅವಳಿಗೆ ಕೊಟ್ಟಿದ್ದರು. ಮೊದಲ ಕೆಲಸ, ತೊಂಬತ್ತೆರಡನ್ನು ನಲವತ್ತಕ್ಕೆ ಇಳಿಸುವುದು.

“ಮುಲಾಜಿಲ್ಲದೆ ಹೊಡೆದುಹಾಕಮ್ಮ,” ಎಂದಿದ್ದರು ಸಂಪಾದಕರು. “ಈ ಪದಕ್ಕೆ ಇಷ್ಟು ಅರ್ಥ ಇದೆ ಅಂತ ಇಂಗ್ಲಿಷಿನವರಿಗೇ ಗೊತ್ತಿರಲಿಕ್ಕಿಲ್ಲ. ನಿನ್ನ ಯಜಮಾನ ಹೇನು ಹೆಕ್ಕಿದ ಹಾಗೆ ಹೆಕ್ಕಿಟ್ಟಿದಾನೆ.”

ಬೆಳಿಗ್ಗೆಯಿಂದ ಹೊಡೆದುಹಾಕುತ್ತಲೇ ಇದ್ದಳು. ಹಿಡಿ. ಒಯ್ಯು. ಗೆದ್ದುಕೊ. ಹತ್ತರಲ್ಲಿ ನಾಲ್ಕು ಕಳೆ. ನಲವತ್ತೊಂದನೆಯ ಅರ್ಥ, ‘ಸ್ವೀಕರಿಸು, ಅರಗಿಸಿಕೊ’. ವಾಕ್ಯ: ‘ಇನ್ನೊಂದು ವರ್ಷ ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿದ್ದನ್ನು ಅವನು ಸಮಾಧಾನದಿಂದಲೇ ತೆಗೆದುಕೊಂಡ.’

ಮುಂದಿನದು ‘ಸೇವಿಸು’: ‘ಗುಳಿಗೆಯನ್ನು ಅವನು ಯಾರಿಗೂ ಕಾಣದ ಹಾಗೆ, ಕಚೇರಿಯಲ್ಲೇ ತೆಗೆದುಕೊಳ್ಳುತ್ತಿದ್ದ.’ ಮಾರ್ಚ್ ಹದಿನೆಂಟು. ಅದರ ಮುಂದಿನದು, ಪರೀಕ್ಷೆಗೆ ಸಂಬಂಧಿಸಿದ್ದು: ‘ಅವಳು ಜುಲೈ ಕೊನೆಗೆ ಪರೀಕ್ಷೆ ತೆಗೆದುಕೊಳ್ಳಬೇಕು, ಅಲ್ಲಿಯವರೆಗೆ ಹೇಳುವುದು ಬೇಡ.’ ನಾಲ್ಕನೆಯದು ‘ಕರೆದೊಯ್ಯು’: ‘ಅವನು ಅವಳನ್ನು ಸಮುದ್ರ ತೋರಿಸಲು ಕರೆದೊಯ್ದ.’ ಹೌದು, ಏಪ್ರಿಲ್‌ನಲ್ಲಿ ಹೋಗಿದ್ದರು. ಜ್ವರ ಬಂದರೂ ರಜೆ ಹಾಕದ ಮನುಷ್ಯ ನಾಲ್ಕು ದಿನ ರಜೆ ಹಾಕಿದ್ದ. “ಏನು, ಕಚೇರಿಗೆ ಬೆಂಕಿ ಬಿತ್ತಾ?” ಎಂದು ಅವಳು ನಕ್ಕಿದ್ದಳು.

ಅವಳಿಗೆ ಅವನು ಹೇಳಿದ್ದು ಆಗಸ್ಟ್‌ನಲ್ಲಿ, ಅವಳ ಎಂ.ಎ. ಪರೀಕ್ಷೆ ಮುಗಿದ ಮೂರನೆಯ ದಿನ. ‘ನಿನ್ನೆಯಷ್ಟೇ ಗೊತ್ತಾಯಿತು’ ಎಂದಿದ್ದ. ಅವಳು ನಂಬಿದ್ದಳು. ಅವನು ಹೋದಾಗಿನಿಂದ ಅತ್ತೆ ಬಂದವರ ಮುಂದೆಲ್ಲ ಒಂದೇ ಮಾತು ಆಡುತ್ತಿದ್ದರು: “ಒಂದೇ ಹಾಸಿಗೇಲಿ ಮಲಗ್ತಿದ್ದೋಳು. ಗಂಡನ ಮೈ ಇಳಿದದ್ದು ಇವಳ ಕಣ್ಣಿಗೆ ಬೀಳ್ಲಿಲ್ಲ.” ಉಳಿದದ್ದನ್ನು ಬಂದವರೇ ಮನಸ್ಸಿನಲ್ಲಿ ಪೂರ್ತಿ ಮಾಡಿಕೊಳ್ಳುತ್ತಿದ್ದರು. ಅವಳು ಎದುರಾಡುತ್ತಿರಲಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಮಾತೂ ಅದೇ ಆಗಿತ್ತು: ಮೊದಲೇ ನೋಡಿದ್ದರೆ ಉಳಿಯುತ್ತಿದ್ದ.

ನಾಲ್ಕು ಚೀಟಿಗಳನ್ನು ಹಿಡಿದು ಸಂಪಾದಕರ ಮೇಜಿಗೆ ಹೋದಳು.

“ಇವನ್ನ ಮನೆಗೆ ತಗೊಂಡು ಹೋಗ್ಲಾ ಸರ್? ನಾಳೆ ತರ್ತೀನಿ.”

“ಚೀಟಿ ಈ ಬಾಗಿಲು ದಾಟೋ ಹಾಗಿಲ್ಲಮ್ಮ.” ಅವರು ತಲೆಯೆತ್ತಿ ಅವಳ ಮುಖ ನೋಡಿದರು. ಕನ್ನಡಕ ತೆಗೆದರು. “ಇದನ್ನ ಒರೆಸ್ಕೊಳ್ಳೋದಕ್ಕೆ ನನಗೆ ಬಹಳ ಹೊತ್ತು ಬೇಕು. ಇದಿಲ್ಲದೆ ನನಗೇನೂ ಕಾಣ್ಸೋದಿಲ್ಲ.”

ಮನೆಯಲ್ಲಿ ಅತ್ತೆ ಅಡುಗೆಮನೆಯ ಕಿಟಕಿಯ ಬಳಿ ಬಟಾಣಿ ಸುಲಿಯುತ್ತಿದ್ದರು. ಅವಳು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು, ಸಿಪ್ಪೆಗಳನ್ನು ಬದಿಗೆ ಸರಿಸಿ, ನಾಲ್ಕು ಚೀಟಿಗಳನ್ನು ಸಾಲಾಗಿ ಇಟ್ಟಳು.

“ಓದಿ ಅತ್ತೆ. ಕೆಳಗೆ ತಾರೀಖಿದೆ, ಅದನ್ನೂ ನೋಡಿ.”

ಅತ್ತೆ ಒಂದೊಂದನ್ನೇ ಬೆಳಕಿಗೆ ಹಿಡಿದು, ತುಟಿ ಆಡಿಸುತ್ತ ಓದಿದರು.

“ಮಾರ್ಚಲ್ಲೇ ಗೊತ್ತಿತ್ತು ಅವರಿಗೆ,” ಎಂದಳು ಅವಳು. ಎಷ್ಟೋ ತಿಂಗಳ ಮೇಲೆ ಅವಳ ದನಿ ಏರಿತ್ತು. “ಆಗ್ಲೇ ಏನೂ ಮಾಡೋ ಹಾಗಿರ್ಲಿಲ್ಲ. ಬೇಕಂತಲೇ ಮುಚ್ಚಿಟ್ರು. ನಾನು ನೋಡ್ದೆ ಇದ್ದದ್ದರಿಂದ ಏನೂ ಆಗ್ಲಿಲ್ಲ. ಇನ್ನು ಮೇಲೆ ಯಾರ ಮುಂದೇನೂ ಆ ಮಾತು ಆಡ್ಬೇಡಿ.”

ಅತ್ತೆಯ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ. ಚೀಟಿಗಳನ್ನು ಒಂದರ ಮೇಲೊಂದು ಇಟ್ಟು, ಅಂಚು ಕೂಡಿಸಿ, ಅವಳ ಕಡೆ ಸರಿಸಿದರು.

“ನನಗೆ ಆವತ್ತೇ ಹೇಳಿದ್ದ.”

ಚೀಟಿಗಳತ್ತ ಚಾಚಿದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಂಡಳು.

“ಆಸ್ಪತ್ರೆಯಿಂದ ಸೀದಾ ಇಲ್ಲಿಗೇ ಬಂದ. ನೀನು ಲೈಬ್ರರಿಗೆ ಹೋಗಿದ್ದೆ. ನಿನಗೆ ಹೇಳಕೂಡದು ಅಂತ ನನ್ನಿಂದ ಆಣೆ ಇಡಿಸ್ಕೊಂಡ. ನಾನಾಗಿ ಹೇಳೋದಿಲ್ಲ ಕಣೋ, ಆದ್ರೆ ಅವಳಾಗಿ ಕೇಳಿದ್ರೆ ಸುಳ್ಳು ಹೇಳೋದೂ ಇಲ್ಲ ಅಂದೆ. ಆಯ್ತು ಅಂದ.” ಅತ್ತೆ ಒಂದು ಕಾಯಿ ಕೈಗೆತ್ತಿಕೊಂಡರು, ಸುಲಿಯಲಿಲ್ಲ. “‘ಅತ್ತೆ, ಇವರು ಯಾಕೆ ಹೀಗೆ ಇಳಿದುಹೋಗ್ತಿದಾರೆ’ ಅಂತ ನೀನು ಒಂದು ಮಾತು ಕೇಳಿದ್ರೆ ಸಾಕಿತ್ತು. ಇಬ್ರೂ ಕೂತು ಅತ್ತಾದ್ರೂ ಅಳ್ತಿದ್ವಿ. ಐದು ತಿಂಗಳು ಕಣೇ. ದಿನಾ ನೀನು ಊಟಕ್ಕೆ ಕೂತಾಗ, ಇವತ್ತಾದ್ರೂ ಕೇಳ್ತೀಯೇನೋ ಅಂತ ನಿನ್ನ ಬಾಯನ್ನೇ ನೋಡ್ತಿದ್ದೆ.”