ಒಂದು ಹೊತ್ತಿನ ಗುರುಮಲ್ಲಯ್ಯ

ರೈಟರ್ ವೃಷಭೇಂದ್ರಪ್ಪ ವಿಭೂತಿ ಗಟ್ಟಿಯನ್ನು ಮೇಲಿನಿಂದ ಮೂಗಯ್ಯನ ಅಂಗೈಗೆ ಬಿಟ್ಟ. "ಮೂರು ಬೆರಳಲ್ಲಿ ಬಳ್ಕೊ. ಅಂಗಲ್ಲ ಕಣ್ಲಾ, ಅಡ್ಡಕ್ಕೆ. ಇವತ್ತು ಹೊತ್ ಮುಳುಗೋಗಂಟ ನೀನು ಗುರುಮಲ್ಲಯ್ಯ. ಲೇ ಪುಟ್ಟಮಾದು, ನೀನು ಪುಟ್ಟಬಸಪ್ಪ."

"ನಮ್ಮವ್ವ ಬಂದು ಮಾದಾ ಅಂತ ಕೂಗುದ್ರೂ ಓ ಅನ್ಬಾರ್ದಾ ಬುದ್ದಿ?" ಪುಟ್ಟಮಾದು ನಕ್ಕ. ಮೂಗಯ್ಯ ನಗಲಿಲ್ಲ.

ಚಾಮರಾಜನಗರದ ಆ ಲಾರಿ ಆಫೀಸಿನಲ್ಲಿ ಯಾವ ಮನೆಯ ಸಾಮಾನಿಗೆ ಯಾವ ಲಾರಿ, ಯಾವ ಆಳು ಎಂದು ಗೊತ್ತು ಮಾಡುವವನು ವೃಷಭೇಂದ್ರಪ್ಪನೇ. ಲಿಂಗವಂತರ ಮನೆಯೆಂದರೆ ಎರಡು ತಂಡ ಕಳಿಸಬೇಕು. ಅಡುಗೆ ಪಾತ್ರೆ, ದೇವರ ಪೆಟ್ಟಿಗೆ ಎತ್ತುವುದಕ್ಕೆ ಕುಲದ ಆಳುಗಳು; ಮಂಚ, ಬೀರು, ಸೌದೆ ಹೊರುವುದಕ್ಕೆ ಮೂಗಯ್ಯ, ಪುಟ್ಟಮಾದುವಿನಂಥ ಊರಾಚೆ ಕೇರಿಯವರು. ಕುಲದ ಆಳುಗಳನ್ನೆಲ್ಲ ಹರವೆಯ ಮದುವೆ ಮನೆಗೆ ಒಪ್ಪಿಸಿದ್ದನ್ನು ಮರೆತು, ಗುಂಡ್ಲುಪೇಟೆಗೆ ಮನೆ ಬದಲಾಯಿಸುತ್ತಿದ್ದ ಜವಳಿ ವ್ಯಾಪಾರಿಗೂ ಅದೇ ದಿನಕ್ಕೆ ಹೂಂ ಅಂದುಬಿಟ್ಟಿದ್ದ. ಅಲ್ಲಿ ಮಧ್ಯಾಹ್ನದೊಳಗೆ ಹಾಲುಕ್ಕಿಸಬೇಕು. ತಪ್ಪಿದರೆ ಯಜಮಾನರು ಅವನ ಕುರ್ಚಿಯಲ್ಲಿ ಇನ್ನೊಬ್ಬನನ್ನು ಕೂರಿಸುವುದು ಖಂಡಿತ.

"ಸಿಕ್ಕಾಕಂಡ್ರೆ?" ಎಂದ ಮೂಗಯ್ಯ.

"ನಾನಿಲ್ವೇನ್ಲಾ? ಜೊತೇಲೆ ಬತ್ತೀನಿ. ಯಾರೇನೇ ಅಂದ್ರೂ ನಾನು ಮುಂದೆ ನಿಂತ್ಕತೀನಿ. ಲಾರಿ ಹತ್ತು, ನಡಿ."

ಗುಂಡ್ಲುಪೇಟೆಯಲ್ಲಿ ಎಲ್ಲ ಹೂವೆತ್ತಿದಂತೆ ನಡೆಯಿತು. ದೇವರ ಪೆಟ್ಟಿಗೆ ಒಳಗೆ ಹೋಯಿತು, ಗಡಿಗೆಗಳು ಹೋದವು, ಹಾಲೂ ಉಕ್ಕಿತು. ಮನೆಯೊಡತಿ ಮಲ್ಲಾಜಮ್ಮನ ಮುಖ ಅರಳಿತ್ತು. "ಅದೆಂಥ ನಾಜೂಕು ಕಣ್ರಪ್ಪ ನಿಮ್ಮ ಕೈ! ಒಂದು ಗಡಿಗೆ ಬಾಯಿ ಮುಕ್ಕಾಗನಿಲ್ಲ," ಎನ್ನುತ್ತ ನಡುಮನೆಯಲ್ಲಿ ತಾನೇ ಎಲೆ ಹಾಕಿದಳು. ನೀರಿನ ತಂಬಿಗೆಯನ್ನು ಮೂಗಯ್ಯನ ಕೈಗಿತ್ತಳು. "ತಕಳಪ್ಪ ಗುರುಮಲ್ಲಯ್ಯ, ಕೈಕಾಲು ತೊಳ್ಕಂಡು ಇಬ್ರೂ ಲಿಂಗಪೂಜೆ ಮಾಡ್ಕಳಿ. ಬಡಿಸ್ಬುಡ್ತೀನಿ."

ಮೂಗಯ್ಯ ತಂಬಿಗೆ ಹಿಡಿದು ನಿಂತೇ ಇದ್ದ. ವೇಷ ಕಟ್ಟುವಾಗ ವೃಷಭೇಂದ್ರಪ್ಪನಿಗೆ ಹೆಸರು ನೆನಪಾಗಿತ್ತು, ವಿಭೂತಿ ನೆನಪಾಗಿತ್ತು. ಹುಟ್ಟಿದಾಗಿನಿಂದ ತನ್ನ ಎದೆಯ ಮೇಲೇ ಇರುವ ಲಿಂಗ ಮಾತ್ರ ನೆನಪಾಗಿರಲಿಲ್ಲ.

"ಯಾಕಪ್ಪ, ಲಿಂಗ ಎಲ್ಲಿ?" ಮಲ್ಲಾಜಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. "ಯಾವೂರು ನಿಂದು? ಯಾರ ಪೈಕಿ?"

ಮೂಗಯ್ಯ ರೈಟರ ಕಡೆ ತಿರುಗಿದ. "ನೀವೇ ಹೇಳಿ ಬುದ್ದಿ," ಎಂದ ಮೆಲ್ಲಗೆ.

ವೃಷಭೇಂದ್ರಪ್ಪ ಮುಂದೆ ಬಂದ. ಬಂದವನೇ ಅವನ ಕೆನ್ನೆಗೆ ರಪ್ಪನೆ ಬಾರಿಸಿದ. "ಕಳ್ ನನ್ಮಗನೆ! ಕುಲ ಮುಚ್ಚಿಟ್ಟು ನನಗೇ ಮೋಸ ಮಾಡ್ಬುಟ್ಟೇನ್ಲಾ?" ಇಷ್ಟು ವರ್ಷ ಕೆಲಸ ಹೇಳಿದ್ದರೂ ಅವನ ಮೈ ಮುಟ್ಟಿದ್ದು ಅದೇ ಮೊದಲು.

ಪುಟ್ಟಮಾದು ಮೇಲೇರಿ ಬಂದ. ಮೂಗಯ್ಯ ಅವನ ರಟ್ಟೆ ಹಿಡಿದು ಹೊರಗೆ ನಡೆದ. ಹಿಂದೆಯೇ ಮಲ್ಲಾಜಮ್ಮ ಹಾಲನ್ನು ಬಚ್ಚಲಿಗೆ ಸುರಿದಳು, ಹೊಸಿಲಿಗೆ ಕೊಡ ಕೊಡ ನೀರು ಹೊಯ್ದಳು. ಆಮೇಲೆ ಏನೋ ನೆನೆದು ಕೂಗಿದಳು: "ರೈಟ್ರೇ, ಲಾರೀಲಿ ಒರಳುಕಲ್ಲು ಉಳ್ಕಂಡದೆ. ಕಲ್ಲುಗೇನು, ತೊಳ್ಕಂಡ್ರಾಯ್ತು. ಅದೊಂದ ಆ ಹೈಕಳ ಕೈಲಿ ಇಳಿಸ್ಬುಟ್ಟು ಕಳ್ಸಿ."

ವೃಷಭೇಂದ್ರಪ್ಪ ಬೀದಿಗೆ ಬಂದ. ತಲೆ ಎತ್ತಲಾಗಲಿಲ್ಲ, ಮೂಗಯ್ಯನ ಪಾದ ನೋಡಿಕೊಂಡೇ ಪಿಸುಗುಟ್ಟಿದ. "ಅದೊಂದ ಇಳಿಸ್ಬುಡ್ಲಾ. ಮಿಕ್ಕಿದ್ದು ಊರಿಗೋಗಿ ಮಾತಾಡನ."

"ಮೋಸಗಾರನ ಕೈಲಿ ಯಾಕೆ ಬುದ್ದಿ ಕೆಲ್ಸ ಮಾಡುಸ್ತೀರಿ?" ಮೂಗಯ್ಯನ ದನಿ ಏರಲಿಲ್ಲ. "ನೀವು ಕುಲದೋರು. ನೀವೇ ಇಳಿಸ್ಕಳಿ. ಬಾರ್ಲಾ ಮಾದು, ನಡ್ಕಂಡೇ ಹೋಗನ."

ಇಬ್ಬರೂ ಚಾಮರಾಜನಗರದ ರಸ್ತೆ ಹಿಡಿದರು. ಸದ್ದು ಕೇಳಿ ಜಗಲಿಗಳ ಮೇಲೆ ಜನ ಕೂಡಿತ್ತು. ಮಡಿ ಪಂಚೆಯವರು, ಗಟ್ಟಿ ರಟ್ಟೆಯವರು. ಅಯ್ಯೋ ಪಾಪ ಎಂದವರಿದ್ದರು. ಹೊರೆಗೆ ಹೆಗಲು ಕೊಡಲು ಒಬ್ಬನೂ ಇಳಿದು ಬರಲಿಲ್ಲ.

ವೃಷಭೇಂದ್ರಪ್ಪ ಒಬ್ಬನೇ ಲಾರಿ ಹತ್ತಿ ಒರಳುಕಲ್ಲಿಗೆ ಕೈ ಕೊಟ್ಟ. ಅದು ಅಲುಗಲಿಲ್ಲ. ನೆರಳಲ್ಲಿದ್ದ ಕಲ್ಲು ಬಾವಿ ನೀರಿನಷ್ಟು ತಣ್ಣಗಿತ್ತು. ಎಷ್ಟು ಹೊತ್ತು ಒತ್ತಿ ಹಿಡಿದರೂ ಹೊಡೆದ ಅಂಗೈಯ ಉರಿ ಇಳಿಯಲಿಲ್ಲ.