ಕ್ಲಬ್ಬಿನ ಮೊದಲ ಕಪ್

ಹನ್ನೆರಡು ವರ್ಷಗಳ ಹಿಂದೆ ಕಸ್ತೂರಿ ಕಟ್ಟಿದ ಮಹಿಳಾ ರಗ್ಬಿ ಕ್ಲಬ್ ಮೊದಲ ಬಾರಿಗೆ ಫೈನಲ್ ತಲುಪಿತ್ತು. ಆದರೆ ಸೆಮಿಫೈನಲ್‌ನಲ್ಲಿ ನಾಯಕಿ ಮಲ್ಲವ್ವನ ತಲೆಗೆ ಪೆಟ್ಟಾಗಿತ್ತು. "ಇನ್ನೊಂದು ಏಟು ಬಿದ್ದರೆ ಜೀವಕ್ಕೇ ಅಪಾಯ, ಆಡಿಸಬೇಡಿ" ಎಂದು ಡಾಕ್ಟರು ಕೋಚ್ ಕಸ್ತೂರಿಯನ್ನು ಪಕ್ಕಕ್ಕೆ ಕರೆದು ಹೇಳಿದ್ದರು.

"ಡಾಕ್ಟರ್ ಏನಂದ್ರು ಮೇಡಂ? ತಲಿ ಇನ್ನೂ ಧಿಮ್ ಅಂತೈತಿ" ಎಂದಳು ಮಲ್ಲವ್ವ, ಬೂಟಿನ ದಾರ ಬಿಗಿಯುತ್ತ.

ಅವಳಿಲ್ಲದೆ ಗೆಲ್ಲುವುದು ಕನಸಿನ ಮಾತೆಂದು ಕಸ್ತೂರಿಗೆ ಗೊತ್ತಿತ್ತು. ಅವಳ ಬೆನ್ನು ತಟ್ಟಿದಳು.

"ಏನೂ ಆಗಿಲ್ಲಂತ. ನಡಿ, ಆಡು."

ಕಪ್ ಕೈಗೆ ಬಂತು. ಕೊನೆಯ ಟ್ಯಾಕಲ್‌ನಲ್ಲಿ ಬಿದ್ದ ಮಲ್ಲವ್ವ ಮಾತ್ರ ಮೇಲೇಳಲಿಲ್ಲ.

ಮೂರನೆಯ ದಿನ ಕಸ್ತೂರಿ, ಗೋಡೆಗೊರಗಿ ಕೂತಿದ್ದ ಮಲ್ಲವ್ವನ ತಾಯಿಯ ಕೈಹಿಡಿದು ಬಿಕ್ಕಿದಳು: "ಎಷ್ಟು ಬ್ಯಾಡಂದ್ರೂ ನಿಮ್ಮ ಮಗಳು ನನ್ನ ಮಾತು ಕೇಳಲಿಲ್ಲವ್ವ."