ಒಂದೇ ಸೆಲ್ಲು

ಥರ್ಮಾಮೀಟರ್ ಬಾಯಿ ಬಿಡಲಿಲ್ಲ. ಗಂಡ ಅದರ ಗುಂಡಿಯನ್ನು ಮೂರು ಸಲ ಒತ್ತಿದ, ನಾಲ್ಕನೆಯ ಸಲ ಅದುಮಿಯೇ ಹಿಡಿದ. ಊಹೂಂ. ಹೆಂಡತಿಯ ತೊಡೆಯ ಮೇಲೆ ಎಂಟು ತಿಂಗಳ ಮಗಳ ಮೈ ಕಾದ ಹಂಚಿನ ಹಾಗೆ ಸುಡುತ್ತಿತ್ತು. ಗಂಡ ಹೆಂಡತಿ ಇಬ್ಬರಿಗೂ ಹುಟ್ಟಿನಿಂದ ಕಣ್ಣಿಲ್ಲ. ಆ ಮನೆಯಲ್ಲಿ ಸಾಮಾನುಗಳು ಮಾತಾಡಿದರೇನೇ ಕೆಲಸ.

"ಚಾರ್ಜ್ ಮುಗಿದಿದೆ ಕಣೇ. ಬೆಳಿಗ್ಗೆಯಿಂದ ಕರೆಂಟೆಲ್ಲಿದೆ?"

"ಸೆಲ್ಲು ಬದಲಾಯಿಸಿ ಮತ್ತೆ."

"ಅದಕ್ಕೆ ಮುಚ್ಚಳ ಅಂತ ಒಂದು ಬೇಡ್ವಾ? ಎಲ್ಲಿ ಸವರಿದ್ರೂ ಒಂದು ಗೀರು ಸಿಗ್ತಿಲ್ಲ."

ಹೋದ ತಿಂಗಳು ಅದನ್ನು ತಂದುಕೊಟ್ಟವಳು ಅವನ ಅಕ್ಕ. ಸೆಲ್ಲು ಗಿಲ್ಲು ಅನ್ನುವ ರಗಳೆಯೇ ಇಲ್ಲ ಎಂದು ಹೊಗಳಿ ಹೊಗಳಿ ಕೊಟ್ಟಿದ್ದಳು. ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತನ್ನೂ ಹೇಳಿದ್ದಳು: "ಒಂದೇ ಒಂದು ಎಡವಟ್ಟಾಗ್ಲಿ, ಮಗೂನ ನಾನು ಎತ್ಕೊಂಡು ಹೋಗ್ತೀನಿ. ಆಮೇಲೆ ಅತ್ತು ಕರೆದು ಮಾಡ್ಬೇಡಿ." ಅವಳು ತಮಾಷೆಗೆ ಮಾತಾಡುವ ಹೆಂಗಸಲ್ಲ. ಇವತ್ತು ಕೆಲಸ ಮುಗಿಸಿ ಬರುತ್ತೇನೆಂದು ಬೇರೆ ಹೇಳಿದ್ದಳು.

ಹಳೆಯ ಥರ್ಮಾಮೀಟರ್ ಡ್ರಾಯರಿನಲ್ಲಿತ್ತು. ಅದಕ್ಕೆ ಮುಚ್ಚಳವಿತ್ತು, ಒಳಗೆ ಸೆಲ್ಲಿರಲಿಲ್ಲ. ಅದೇ ಅಳತೆಯ ಸೆಲ್ಲು ಮನೆಯಲ್ಲಿದ್ದದ್ದು ಒಂದೇ ಒಂದು, ಗಂಡನ ಕೀಲಿಗೊಂಚಲಿಗೆ ನೇತುಹಾಕಿದ್ದ ಮಾತಾಡುವ ಗಡಿಯಾರದಲ್ಲಿ. ಅವನು ಟೆಲಿಫೋನ್ ಆಪರೇಟರ್, ಬೆರಳು ಬಲು ಚುರುಕು. ಉಗುರಿನಿಂದ ಮುಚ್ಚಳ ಎಬ್ಬಿಸಿ ಸೆಲ್ಲನ್ನು ಇದರಿಂದ ಕಿತ್ತು ಅದಕ್ಕೆ ಹಾಕಿಯೇಬಿಟ್ಟ. ಹಳೆಯದು ಗೊಗ್ಗರು ದನಿಯಲ್ಲಿ ಹೇಳಿತು: ನೂರಾ ಎರಡು ಪಾಯಿಂಟ್ ಆರು.

"ನೂರೆರಡು ದಾಟಿದ್ರೆ ಇನ್ನೊಂದ್ಸಲ ಔಷಧಿ ಕೊಡಿ ಅಂದಿದಾರೆ ಡಾಕ್ಟ್ರು," ಎಂದಳು ಹೆಂಡತಿ. "ಆದ್ರೆ ಆರು ಗಂಟೆ ಅಂತರ ಇರ್ಲೇಬೇಕಂತೆ. ಬೆಳಿಗ್ಗೆ ಕೊಟ್ಟಿದ್ದು ಹನ್ನೊಂದೂ ಹತ್ತಕ್ಕೆ. ಈಗ ಟೈಮೆಷ್ಟು?"

ಗಂಡ ಅಭ್ಯಾಸದಂತೆ ಖಾಲಿ ಗಡಿಯಾರದ ಗುಂಡಿ ಒತ್ತಿದ.

"ಕೀಳೋ ಮುಂಚೆ ಟೈಮ್ ಕೇಳ್ಕೊಂಡ್ರಿ ತಾನೇ?"

"ಅಯ್ಯೋ!"

ಸೆಲ್ಲನ್ನು ಮತ್ತೆ ಗಡಿಯಾರಕ್ಕೆ ಹಾಕಿ ಒತ್ತಿದ. ಹನ್ನೆರಡು ಗಂಟೆ ಎಂದಿತು ಅದು, ಏನೂ ಆಗಿಲ್ಲವೆಂಬಂತೆ. ಸೆಲ್ಲು ಕಿತ್ತ ಗಳಿಗೆಯಲ್ಲೇ ಅದು ಹೊತ್ತನ್ನು ಮರೆತು ಕೂತಿತ್ತು. ಮನೆಯಲ್ಲಿದ್ದ ಒಂದೇ ಮೊಬೈಲು ಡಾಕ್ಟರ ಹತ್ತಿರ ಮಾತಾಡುತ್ತಲೇ ಆರಿಹೋಗಿತ್ತು. ಎದುರು ಮನೆಗೆ ಹೋಗಿ ತಡವಿದರೆ ಕೈಗೆ ಸಿಕ್ಕಿದ್ದು ಬೀಗ. ಆ ಕಟ್ಟಡದಲ್ಲಿ ಹಗಲು ಹೊತ್ತು ಒಂದು ನರಪಿಳ್ಳೆಯೂ ಇರುವುದಿಲ್ಲ.

"ಐದೂವರೆ ಆಗಿರುತ್ತೆ ಕಣೇ. ನನಗೆ ಹೊಟ್ಟೆ ಚುರುಗುಟ್ತಿದೆ. ಕೊಟ್ಬಿಡು."

"ನಿಮ್ಮ ಹೊಟ್ಟೆ ನಂಬ್ಕೊಂಡು ಮಗೂಗೆ ಔಷಧಿ ಹಾಕ್ಲಾ?"

ಬೈದಳೇ ಹೊರತು ಸಿರಿಂಜಿನ ಮೇಲೆ ತಾನೇ ಕೊರೆದಿಟ್ಟಿದ್ದ ಗುರುತಿನವರೆಗೆ ಔಷಧಿ ಎಳೆದು ಹಿಡಿದಿದ್ದಳು. ಬೇಗ ಕೊಟ್ಟು ಹೆಚ್ಚುಕಮ್ಮಿಯಾದರೆ? ಕೊಡದೆ ಕೂತು, ಹೋದ ಸಲದ ಹಾಗೆ ಮಗುವಿಗೆ ಫಿಟ್ಸ್ ಬಂದರೆ? ಮಗಳು ಸಣ್ಣಗೆ ನರಳಿದಳು. ತಾಯಿಗೆ ತಡೆಯಲಾಗಲಿಲ್ಲ, ಸಿರಿಂಜನ್ನು ಆ ಪುಟ್ಟ ತುಟಿಯವರೆಗೆ ಒಯ್ದಳು, ಅಲ್ಲೇ ಹಿಡಿದಳು, ವಾಪಸು ತೆಗೆದಳು. ಗಂಡ ಬೀದಿಗಿಳಿದು ಯಾರನ್ನಾದರೂ ಕೇಳಿ ಬರುತ್ತೇನೆಂದು ಕೋಲು ಹಿಡಿದು ಬಾಗಿಲು ತೆಗೆದ. ಮೆಟ್ಟಿಲಲ್ಲಿ ಚಪ್ಪಲಿ ಸದ್ದು.

"ಅಕ್ಕ! ಸತ್ವಿ ನಾವು. ಏನೂ ಬಾಯಿ ಬಿಡ್ಬೇಡ. ಮಾತಿನ ಮಧ್ಯೆ ಉಪಾಯವಾಗಿ ಟೈಮ್ ಕೇಳೋಣ," ಎಂದು ಪಿಸುಗುಟ್ಟಿದ.

ಉಪಾಯ ಮಾಡುವಷ್ಟು ಪುರುಸೊತ್ತು ಹೆಂಡತಿಗಿರಲಿಲ್ಲ. ಅಕ್ಕ ಒಳಗೆ ಕಾಲಿಡುವುದೇ ತಡ, ಸೆಲ್ಲು ಕಿತ್ತದ್ದು, ಹೊತ್ತು ತಪ್ಪಿದ್ದು, ಸಿರಿಂಜು ತುಟಿಯವರೆಗೆ ಹೋಗಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಅಳುತ್ತಲೇ ಹೇಳಿಬಿಟ್ಟಳು. "ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ ಅತ್ತಿಗೆ, ಮೊದ್ಲು ಟೈಮ್ ಹೇಳಿ."

"ನಾಲ್ಕೂ ಇಪ್ಪತ್ತು."

ಇನ್ನೂ ಐವತ್ತು ನಿಮಿಷ ಬಾಕಿ. ಗಂಡ ಕೋಲನ್ನು ಗೋಡೆಗೆ ಒರಗಿಸಿದ. ಹೆಂಡತಿ ಸಿರಿಂಜನ್ನು ದೂರವಿಟ್ಟು ಮಗಳನ್ನು ಎರಡೂ ಕೈಯಿಂದ ಬಿಗಿಯಾಗಿ ಅಪ್ಪಿಕೊಂಡಳು. ಅತ್ತಿಗೆಯ ಕೈ ಯಾವ ಕ್ಷಣದಲ್ಲಾದರೂ ಬಂದು ಮಗುವನ್ನು ಕಿತ್ತುಕೊಳ್ಳಬಹುದೆಂದು ಕಾದಳು. ಕೈ ಬಂತು. ಮಗುವಿನ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿ ಅಲ್ಲೇ ಉಳಿಯಿತು.

"ನನ್ನ ದೊಡ್ಡವನಿಗೂ ಹೀಗೇ ಜ್ವರ ಬಂದಿತ್ತು," ಎಂದಳು ಅಕ್ಕ, ಯಾವತ್ತಿನ ಗಡಸು ದನಿಯಲ್ಲೇ. "ಗಡಿಯಾರ ಎದುರಿಗೇ ಇತ್ತು. ಎರಡೂ ಕಣ್ಣು ಬಿಟ್ಕೊಂಡು ಒಂದೇ ಗಂಟೇಲಿ ಎರಡು ಸಲ ಕುಡಿಸಿಬಿಟ್ಟಿದ್ದೆ."

"ಆಮೇಲೆ?"

"ಆಸ್ಪತ್ರೇಲಿ ಎಲ್ಲರೂ ನನ್ನನ್ನೇ ಸಮಾಧಾನ ಮಾಡಿದ್ರು. ಮಗೂನ ಕೊಡು ಅಂತ ಒಬ್ಬರೂ ಕೇಳ್ಲಿಲ್ಲ."